ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ವಿಮಾನಕ್ಕೆ ಅಂಜುವವರ ದಿನಚರಿ

ಮಗಳು ಫ್ರೀಮಾಂಟ್‌ನಲ್ಲೋ ಸನ್ನಿವೇಲ್‌ನಲ್ಲೋ ಇದ್ದಾಳೆ, ವೀಸಾ ಪಾಸ್‌ಪೋರ್ಟಿಗೆ ಅಂಟಿ ಕೂತಿದೆ, ಟಿಕೆಟ್ಟೂ ಆಗಿದೆ. ಬಾಕಿ ಉಳಿದಿರುವುದು ಹೊರಡುವುದೊಂದೇ, ಅಪ್ಪ ಅಮ್ಮನ ನಿದ್ದೆ ಹಾರುವುದೂ ಆಗಲೇ. ಯಾವುದಕ್ಕೆ ಭಯ ಎಂದು ಬಿಡಿಸಿ ಕೇಳಿದರೆ ಆಕಾಶದ ಪಾಲು ಕಡಿಮೆಯೇ. ದುಬೈಯಲ್ಲಿ ಗೇಟ್ ಸಿಗದಿದ್ದರೆ? ಇಮಿಗ್ರೇಷನ್‌ನವರ ಇಂಗ್ಲಿಷ್ ತಿಳಿಯದಿದ್ದರೆ? ಊಟದಲ್ಲಿ ಮಾಂಸ ಬಂದರೆ? ಶೌಚಾಲಯದಲ್ಲಿ ನೀರಿಲ್ಲವಂತೆ, ಹೌದೇ? ವಿಮಾನ ಅಲ್ಲಾಡಿದರೆ ಎಂಬುದು ಇವೆಲ್ಲ ಮುಗಿದ ಮೇಲೆ ಬರುತ್ತದೆ. ಹಾಗಾಗಿ ಬರೀ "ಧೈರ್ಯವಾಗಿರಿ" ಎಂದರೆ ಏನೂ ಆಗುವುದಿಲ್ಲ. ಯಾವ ಗಂಟೆಗೆ ಏನು ನಡೆಯುತ್ತದೆ, ಯಾವ ಸದ್ದು ಯಾವುದರದ್ದು ಎಂದು ಮೊದಲೇ ಗೊತ್ತಿದ್ದರೆ ಅರ್ಧ ಅಂಜಿಕೆ ಮನೆಯಲ್ಲೇ ಉಳಿಯುತ್ತದೆ.

ಇಲ್ಲಿ ಹಿಡಿದಿರುವ ದಾರಿ ಮೈಸೂರು, ಬೆಂಗಳೂರು, ದುಬೈ, ಸ್ಯಾನ್ ಫ್ರಾನ್ಸಿಸ್ಕೊ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು, ದುಬೈಯಿಂದ ಬೆಳಿಗ್ಗೆ ಹೊರಡುವ ಎಮಿರೇಟ್ಸ್ ವಿಮಾನ ಹಿಡಿಯುವ ಲೆಕ್ಕ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತದೆ, ನಿಮ್ಮ ಟಿಕೆಟ್ಟಿನ ಸಮಯವನ್ನೇ ನಂಬಿ. ಮೊದಲ ಸಲದವರಿಗೆ ಈ ದಾರಿ ಒಳ್ಳೆಯದು ಎನ್ನಲು ಕಾರಣವಿದೆ: ಮೊದಲ ತುಂಡು ನಾಲ್ಕು ಗಂಟೆಯದು, ದೊಡ್ಡದಕ್ಕೆ ಅದೇ ತಾಲೀಮು.

ಒಂದು ವಾರ ಮೊದಲು

ಮೊದಲು ಫೋನ್. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ನಡೆದ ದುರಂತದ ವಿಡಿಯೊಗಳು ಇನ್ನೂ ಕುಟುಂಬದ ಗುಂಪುಗಳಲ್ಲಿ ಸುತ್ತುತ್ತಿವೆ. ಅಂಥದ್ದನ್ನು ಒಮ್ಮೆ ನೋಡಿದರೆ ಸಾಕು, ಅದೇ ಬಗೆಯವು ಒಂದರ ಹಿಂದೊಂದು ಬರತೊಡಗುತ್ತವೆ. ಈ ವಾರ ಅವನ್ನು ತೆರೆಯಲೇಬೇಡಿ. ಅಂಕಿ-ಅಂಶ ಹೇಳಿ ಸಮಾಧಾನ ಮಾಡಲು ಬರುವ ಅಳಿಯಂದಿರೂ ಸ್ವಲ್ಪ ಸುಮ್ಮನಿರಲಿ. ಲಕ್ಷಕ್ಕೆ ಇಷ್ಟು ಎಂಬ ಲೆಕ್ಕದಿಂದ ಎದೆಬಡಿತ ಇಳಿದದ್ದು ಅಪರೂಪ.

ಸೀಟನ್ನು ಈಗಲೇ ಆರಿಸಿ. ಸೀಟ್ ನಕ್ಷೆಯಲ್ಲಿ ರೆಕ್ಕೆಯ ಗುರುತು ಎಲ್ಲಿದೆಯೋ ಅಲ್ಲಿನ ಸಾಲುಗಳು ಉತ್ತಮ. ವಿಮಾನ ಅಲ್ಲಾಡುವಾಗ ಅದರ ಭಾರದ ನಡುಬಿಂದುವಿನ ಬಳಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಅರವತ್ತು ದಾಟಿದವರಿಗೆ ಕಿಟಕಿಗಿಂತ ನಡುದಾರಿಯ ಪಕ್ಕದ ಸೀಟೇ ಸರಿ, ಯಾರನ್ನೂ ಎಬ್ಬಿಸದೆ ಎದ್ದು ಓಡಾಡಬಹುದು.

ಊಟವನ್ನು ಕನಿಷ್ಠ 24 ಗಂಟೆ ಮೊದಲು, ಎರಡೂ ವಿಮಾನಗಳಿಗೆ ಬೇರೆಬೇರೆಯಾಗಿ ಆರಿಸಬೇಕು. ಇಲ್ಲೊಂದು ಎಡವುವ ಜಾಗವಿದೆ. ಪಟ್ಟಿಯಲ್ಲಿ "ಹಿಂದೂ ಮೀಲ್" ಎಂದು ಕಂಡ ಕೂಡಲೇ ಒತ್ತಿಬಿಡುವವರೇ ಬಹಳ. ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೆ, ಕೋಳಿ ಕುರಿ ಬರಬಹುದು. ಸಸ್ಯಾಹಾರಿಗಳಿಗೆ ಬೇಕಾದದ್ದು ಎವಿಎಂಎಲ್, ಅಂದರೆ ಏಷ್ಯನ್ ವೆಜಿಟೇರಿಯನ್. ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಜೈನ ಊಟವಿದೆ, ಸಕ್ಕರೆ ಕಾಯಿಲೆಯವರಿಗೆ ಬೇರೆ ಊಟವಿದೆ.

ಮಂಡಿನೋವಿದ್ದರೂ ಇಲ್ಲದಿದ್ದರೂ, ದಾರಿ ತಪ್ಪುವ ಭಯವಿದ್ದರೆ ವೀಲ್‌ಚೇರ್ ಕೇಳಬೇಕೋ ಬೇಡವೋ ಎಂಬ ಚರ್ಚೆ ಮನೆಮನೆಯಲ್ಲೂ ಇದೆ. ನಡೆಯಲು ನಿಜಕ್ಕೂ ಕಷ್ಟವಿರುವವರು ಸಂಕೋಚಪಡದೆ 48 ಗಂಟೆ ಮೊದಲೇ ಹೇಳಿಡಲಿ. ಗಟ್ಟಿಮುಟ್ಟಾಗಿರುವವರು ಬಿಡುವುದು ಮೇಲು, ದುಬೈಯಲ್ಲಿ ಕುರ್ಚಿಗಾಗಿ ಕಾಯುವ ಹೊತ್ತಿಗೆ ನಡೆದೇ ಗೇಟ್ ತಲುಪಬಹುದು.

ವೈದ್ಯರ ಬಳಿ ಒಮ್ಮೆ ಹೋಗಿಬನ್ನಿ. ಔಷಧಗಳ ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಮೂಲ ಔಷಧದ ಹೆಸರೂ ಇರಲಿ. ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಔಷಧಗಳು, ಚೀಟಿಯಿಲ್ಲದೆ ಒಯ್ಯಬಾರದು. ಭಯ ತಡೆಯಲು ವೈದ್ಯರು ಮಾತ್ರೆ ಬರೆದುಕೊಟ್ಟರೆ ಅದನ್ನು ಮೊದಲ ಸಲ ವಿಮಾನದಲ್ಲೇ ನುಂಗಬೇಡಿ, ಮನೆಯಲ್ಲಿ ಒಂದು ರಾತ್ರಿ ನೋಡಿಕೊಳ್ಳಿ. ಕೆಲವರಿಗೆ ಅದು ನಿದ್ದೆ ತರುವ ಬದಲು ತಲೆ ಗೊಂದಲ ಮಾಡುತ್ತದೆ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಸರಕಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಮಾತ್ರೆ-ಇಂಜೆಕ್ಷನ್ ಯಾವ ಗಂಟೆಗೆ ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ಬೇಸಿಗೆಯಲ್ಲಿ ನಮ್ಮದಕ್ಕಿಂತ 12½ ಗಂಟೆ ಹಿಂದೆ, ಚಳಿಗಾಲದಲ್ಲಿ 13½.

ಇನ್ನು ಉಸಿರು. ದಿನಾ ಮಲಗುವ ಮುನ್ನ ಹತ್ತು ನಿಮಿಷ: ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ನಿಧಾನಕ್ಕೆ ಹೊರಗೆ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ, ಗುಟ್ಟು ಇಷ್ಟೇ. ವಾರವಿಡೀ ಮಾಡಿದ್ದರೆ ವಿಮಾನದಲ್ಲಿ ತಾನಾಗಿ ಬರುತ್ತದೆ. ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಕಲಿಯಹೊರಟರೆ ಉಸಿರು ಇನ್ನಷ್ಟು ಮೇಲೆ ಹೋಗುತ್ತದೆ.

ಹಿಂದಿನ ದಿನ: ಸಾಮಾನು

ಎಕಾನಮಿಯಲ್ಲಿ ಅಮೆರಿಕಕ್ಕೆ ಸಾಮಾನ್ಯವಾಗಿ ತಲಾ 23 ಕಿಲೋದ ಎರಡು ಪೆಟ್ಟಿಗೆ, ಕೈಚೀಲ 7 ಕಿಲೋ. ನಿಮ್ಮ ಟಿಕೆಟ್ಟಿನಲ್ಲಿ ಬರೆದಿರುವುದೇ ಕೊನೆಯ ಮಾತು. ಮನೆಯಲ್ಲೇ ತೂಕ ನೋಡಿ 22ಕ್ಕೆ ನಿಲ್ಲಿಸಿ. ಕೌಂಟರ್ ಎದುರು ಪೆಟ್ಟಿಗೆ ಬಿಚ್ಚಿ ಚಟ್ನಿಪುಡಿ ಆಚೆ ತೆಗೆಯುವ ಪಜೀತಿಗಿಂತ ಒಂದು ಕಿಲೋ ಬಿಟ್ಟುಬರುವುದು ಲೇಸು.

ನಮ್ಮವರ ಪೆಟ್ಟಿಗೆಯಲ್ಲಿ ತಪ್ಪದೆ ಸೇರುವ ನಾಲ್ಕು ವಸ್ತುಗಳೇ ತೊಂದರೆ ಕೊಡುವುದು. ಕೊಬ್ಬರಿ ಬಟ್ಟಲು: ಎಣ್ಣೆಯಂಶ ಹೆಚ್ಚಿರುವುದರಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ನಿಷಿದ್ಧ. ಗಸಗಸೆ: ಯುಎಇಯಲ್ಲಿ ಮಾದಕ ವಸ್ತುವಿನ ಕಾಯ್ದೆಯಡಿ ಬರುತ್ತದೆ, ಪಾಯಸದ ಆಸೆಗೆ ಒಂದು ಚಮಚದಷ್ಟೂ ಬೇಡ. ವೀಳ್ಯದೆಲೆಗೂ ದುಬೈಯಲ್ಲಿ ನಿಷೇಧವಿದೆ. ಕರಿಬೇವು: ನಿಂಬೆ-ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಇದರ ಮೇಲೂ ಬದುಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ತೋಟಗಳು ಹೇರಳ, ಆದ್ದರಿಂದ ಎಲೆ ಕಂಡರೆ ಕಸದ ಬುಟ್ಟಿಗೆ. ಹಣ್ಣು, ಮಾಂಸ, ಬಿತ್ತನೆ ಬೀಜಗಳದ್ದೂ ಇದೇ ಪಾಡು.

ಸಾಂಬಾರ್ ಪುಡಿ, ಹುಳಿಯನ್ನದ ಗೊಜ್ಜು, ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಯಲ್ಲಿ ಹೋಗಲಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಬೇರೆ ತಪಾಸಣೆ ಮಾಡುತ್ತಾರೆ, 2018ರಿಂದ ಇರುವ ನಿಯಮ. ಗೊಜ್ಜು, ತುಪ್ಪ, ಎಣ್ಣೆ ಎಲ್ಲವೂ ಭದ್ರತೆಯವರ ಲೆಕ್ಕದಲ್ಲಿ ದ್ರವವೇ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿ ಸಲ್ಲದು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ತಲಾ ಒಂದು, 100 ವ್ಯಾಟ್-ಗಂಟೆಯೊಳಗೆ. ಪೇಟೆಯಲ್ಲಿ ಸಿಗುವ 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಗಂಟೆ, ಆದೀತು. ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್ 1ರಿಂದ ಅದನ್ನು ಹಾರಾಟದಲ್ಲಿ ಬಳಸುವಂತಿಲ್ಲ, ತಲೆಯ ಮೇಲಿನ ಗೂಡಿನಲ್ಲಿ ಇಡುವಂತೆಯೂ ಇಲ್ಲ. ಫೋನಿಗೆ ಸೀಟಿನಲ್ಲೇ ಚಾರ್ಜಿಂಗ್ ಇದೆ, ಕೇಬಲ್ ಮರೆಯಬೇಡಿ.

ಕೈಚೀಲದ ಹೊರಜೇಬಿನಲ್ಲಿ ಒಂದು ಕವರ್: ಪಾಸ್‌ಪೋರ್ಟ್, ಹೋಗಿಬರುವ ಟಿಕೆಟ್, ವಿಮೆಯ ಪ್ರತಿ, ಮಕ್ಕಳ ವಿಳಾಸ ಮತ್ತು ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ, ಒಂದು ಪೆನ್ನು. ಎಲ್ಲವೂ ಫೋನಿನಲ್ಲಿದೆ ಎನ್ನುವ ಧೈರ್ಯ ಬ್ಯಾಟರಿ ಇರುವ ತನಕ.

ಹೊರಡುವ ರಾತ್ರಿ

ಬೆಳಗಿನ ಜಾವ ನಾಲ್ಕರ ಸುಮಾರಿನ ವಿಮಾನಕ್ಕೆ ರಾತ್ರಿ ಹನ್ನೆರಡೂವರೆಗೆಲ್ಲ ನಿಲ್ದಾಣದಲ್ಲಿರಬೇಕು. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಹೋಗುತ್ತದೆ. ನಾಲ್ಕು ಗಂಟೆ ಸಾಕು ಎಂದರೂ ಬೆಂಗಳೂರಿನ ಸಂಚಾರಕ್ಕೆ ಇನ್ನೊಂದು ಗಂಟೆ ಕೂಡಿಸಿ. ಮನೆಯಲ್ಲೇ ಲಘುವಾಗಿ ಊಟ ಮಾಡಿ. ಹುರುಳಿ, ಅವರೆಕಾಳು ಈ ರಾತ್ರಿ ಬೇಡ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಹೊಟ್ಟೆಯಲ್ಲಿನ ವಾಯು ಹಿಗ್ಗುತ್ತದೆ, ಆ ಉಬ್ಬರವನ್ನೇ ಎಷ್ಟೋ ಜನ ಎದೆನೋವು ಎಂದುಕೊಂಡು ಗಾಬರಿಯಾಗುತ್ತಾರೆ.

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಬಂದಿವೆ. ಬಾಗಿಲಲ್ಲಿ ಪಾಸ್‌ಪೋರ್ಟ್, ಟಿಕೆಟ್ ತೋರಿಸಿ ಒಳಗೆ. ಅಲ್ಲಿಂದ ಕೌಂಟರ್, ಇಮಿಗ್ರೇಷನ್, ಭದ್ರತಾ ತಪಾಸಣೆ, ಗೇಟ್. ಕೌಂಟರ್‌ನಲ್ಲಿ ಎರಡು ಬೋರ್ಡಿಂಗ್ ಪಾಸ್ ಸಿಗಬೇಕು, ಸಾಮಾನಿನ ಚೀಟಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗುರುತಾದ ಎಸ್‌ಎಫ್‌ಒ ಎಂಬ ಮೂರಕ್ಷರ ಇರಬೇಕು. ಇದ್ದರೆ ದುಬೈಯಲ್ಲಿ ಪೆಟ್ಟಿಗೆಯ ಚಿಂತೆಯಿಲ್ಲ. ಬೋರ್ಡಿಂಗ್ ಪಾಸ್ ಮೇಲೆ ನಾಲ್ಕು "ಎಸ್" ಅಕ್ಷರ ಸಾಲಾಗಿ ಕಂಡರೆ ಗಾಬರಿ ಬೇಡ. ಅಮೆರಿಕದ ವಿಮಾನಕ್ಕೆ ಹತ್ತುವ ಮುನ್ನ ಕೈಚೀಲವನ್ನು ಇನ್ನೊಮ್ಮೆ ತಡಕುತ್ತಾರೆ, ಅಷ್ಟರದೇ ಗುರುತು.

ಮೊದಲ ಹಾರಾಟ

ಈ ನಾಲ್ಕು ಗಂಟೆಯಲ್ಲಿ ಗಮನ ಕೊಡಬೇಕಾದದ್ದು ಮೊದಲ ಐದು ನಿಮಿಷಕ್ಕೆ. ಸದ್ದುಗಳು ಬರುವ ಕ್ರಮ ಹೀಗೆ.

ಬಾಗಿಲು ಮುಚ್ಚಿ ವಿಮಾನ ಹಿಂದಕ್ಕೆ ಜರುಗುವಾಗ ಒಂದು ಗಳಿಗೆ ದೀಪ ಮಿಣುಕಿ ಎಸಿ ನಿಂತಂತಾಗಬಹುದು. ಎಂಜಿನ್ ಚಾಲೂ ಮಾಡಲು ಗಾಳಿ-ವಿದ್ಯುತ್ತನ್ನು ಆ ಕಡೆ ತಿರುಗಿಸುತ್ತಾರೆ. ರನ್‌ವೇ ತುದಿಯಲ್ಲಿ ಎಂಜಿನ್ ಜೋರಾಗಿ ಮೊರೆಯುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, ತಲೆಯ ಮೇಲಿನ ಗೂಡುಗಳು ಗಡಗಡ ಎನ್ನುತ್ತವೆ. ದೊಡ್ಡ ಎ380 ವಿಮಾನವಾದರೆ ಓಟ ಸುಮಾರು 40ರಿಂದ 50 ಸೆಕೆಂಡು, ಎಣಿಸುತ್ತ ಕೂರಿ. ಮೂತಿ ಮೇಲೆದ್ದು ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಕಾಲಡಿ "ಧಡ್" ಎನ್ನುತ್ತದೆ: ಚಕ್ರಗಳು ಒಳಗೆ ಮಡಚಿ ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ಬರುವುದೇ ಹೆಚ್ಚು ಜನ ಹೆದರುವ ಗಳಿಗೆ. ನೆಲದಿಂದ ಸುಮಾರು 1,500 ಅಡಿಯಲ್ಲಿ ಎಂಜಿನ್ ಸದ್ದು ಸಟ್ಟನೆ ಇಳಿಯುತ್ತದೆ, ಹೊಟ್ಟೆ ಕೆಳಗೆ ಜಾರಿದಂತಾಗುತ್ತದೆ, ವಿಮಾನ ಬೀಳುತ್ತಿದೆ ಎಂದೇ ಅನ್ನಿಸುತ್ತದೆ. ಬೀಳುತ್ತಿಲ್ಲ, ಏರುತ್ತಲೇ ಇದೆ. ನೆಲ ಬಿಡಲು ಬೇಕಿದ್ದಷ್ಟು ಶಕ್ತಿ ಏರಲು ಬೇಕಿಲ್ಲ, ಆದ್ದರಿಂದ ತಗ್ಗಿಸುತ್ತಾರೆ. ಏರುವ ವೇಗ ಕೊಂಚ ಕಡಿಮೆಯಾದದ್ದನ್ನು ಒಳಗಿವಿ ಕುಸಿತ ಎಂದು ತಪ್ಪಾಗಿ ಓದುತ್ತದೆ. ಕೊನೆಗೆ ರೆಕ್ಕೆಯ ಕಡೆಯಿಂದ "ಗುಂಯ್" ಎಂಬ ಮೋಟರ್ ಸದ್ದು: ಹೊರಚಾಚಿದ್ದ ರೆಕ್ಕೆಯ ಅಂಚುಗಳು ಒಳಸೇರುತ್ತಿವೆ. ಆಗೀಗ ಬರುವ "ಟಿಂಗ್" ಹೆಚ್ಚಾಗಿ ಸಿಬ್ಬಂದಿ ತಮ್ಮತಮ್ಮಲ್ಲಿ ಫೋನ್ ಮಾಡಿಕೊಳ್ಳುವುದು ಅಥವಾ ಯಾರೋ ನೀರು ಕೇಳಿದ್ದು.

ಇಳಿಯುವಾಗ ಕಿವಿ ಕಟ್ಟುತ್ತದೆ. ಕಡಲೆಮಿಠಾಯಿಯೋ ಏಲಕ್ಕಿಯೋ ಬಾಯಲ್ಲಿರಲಿ, ಜೊಲ್ಲು ನುಂಗಿದಾಗಲೆಲ್ಲ ಕಿವಿಯ ನಾಳ ತೆರೆದುಕೊಳ್ಳುತ್ತದೆ. ನೋವು ಶುರುವಾದ ಮೇಲಲ್ಲ, ಇಳಿಯತೊಡಗಿದೊಡನೆ ಆರಂಭಿಸಬೇಕು. ಆ ಅರ್ಧ ಗಂಟೆ ನಿದ್ದೆ ಬೇಡ, ನಿದ್ದೆಯಲ್ಲಿ ನುಂಗುವುದು ಕಡಿಮೆ.

ದುಬೈ

ಗಡಿಯಾರ 1½ ಗಂಟೆ ಹಿಂದಕ್ಕೆ. "ಕನೆಕ್ಷನ್ಸ್" ಫಲಕ ಹಿಡಿದು ಹೋಗಿ. "ಬ್ಯಾಗೇಜ್ ಕ್ಲೇಮ್" ಫಲಕದ ಕಡೆ ಜನ ಹೆಚ್ಚು ಹೋಗುತ್ತಿದ್ದರೂ ಅವರ ಹಿಂದೆ ಹೋಗಬೇಡಿ, ಅದು ಊರೊಳಗಿನ ದಾರಿ. ಇನ್ನೊಮ್ಮೆ ಭದ್ರತಾ ತಪಾಸಣೆ, ಆಮೇಲೆ ಪರದೆಯಲ್ಲಿ ಗೇಟ್ ನಂಬರ್. ಎ, ಬಿ, ಸಿ ಎಂದು ಮೂರು ಭಾಗಗಳಿವೆ, ಎ ಮತ್ತು ಬಿ ನಡುವೆ ಪುಟ್ಟ ರೈಲು ಓಡುತ್ತದೆ. ಬೋರ್ಡಿಂಗ್ ಪಾಸಿನಲ್ಲಿ ಅಚ್ಚಾದ ಗೇಟ್ ಬದಲಾಗಿರಬಹುದು, ಪರದೆಯೇ ಸರಿ. ಮೊದಲು ಗೇಟ್ ಕಣ್ಣಾರೆ ನೋಡಿ, ಕಾಫಿ ಆಮೇಲೆ. ಟಿಕೆಟ್ ಮಾಡಿಸುವಾಗಲೇ ಇಲ್ಲಿ ಎರಡು ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳದಿರುವುದು ಅಂಜುವವರಿಗೆ ಎಲ್ಲ ಮಾತ್ರೆಗಿಂತ ದೊಡ್ಡ ಔಷಧಿ. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದು ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಕೂರಿಸುವ ಹೊಣೆ ಕಂಪನಿಯದು. ಅಗ್ಗವೆಂದು ಎರಡು ಬೇರೆ ಟಿಕೆಟ್ ಕೊಂಡಿದ್ದರೆ ಆ ಹೊಣೆ ನಿಮ್ಮದೇ.

ಆ 16 ಗಂಟೆ

ದುಬೈಯಿಂದ ಬೆಳಿಗ್ಗೆ ಎಂಟೂ ಮುಕ್ಕಾಲರ ಸುಮಾರಿಗೆ ಹೊರಟಿರಿ ಎನ್ನಿ. ಬೇಸಿಗೆಯಲ್ಲಾದರೆ ಆಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಿಂದಿನ ರಾತ್ರಿ ಒಂಬತ್ತೂ ಮುಕ್ಕಾಲು. ಕೈಗಡಿಯಾರವನ್ನು ಕೂತ ಕೂಡಲೇ ಅಲ್ಲಿಗೆ ತಿರುಗಿಸಿ. ಅಂದರೆ ಮೊದಲ ಎಂಟು ಗಂಟೆ ಅಲ್ಲಿನ ರಾತ್ರಿ, ನೀವು ಹೇಗೂ ರಾತ್ರಿಯಿಡೀ ಎದ್ದಿದ್ದೀರಿ: ಮೊದಲ ಊಟ ಮುಗಿಸಿ ಕಣ್ಣುಪಟ್ಟಿ ಕಟ್ಟಿಕೊಂಡು ಮಲಗಿಬಿಡಿ. ಬೆಲ್ಟ್ ಹೊದಿಕೆಯ ಮೇಲೆ ಕಾಣುವಂತೆ ಇರಲಿ, ಇಲ್ಲದಿದ್ದರೆ ಗಗನಸಖಿ ಎಬ್ಬಿಸಿ ನೋಡಬೇಕಾಗುತ್ತದೆ. ಉಳಿದ ಎಂಟು ಗಂಟೆ ಅಲ್ಲಿನ ಹಗಲು, ಎದ್ದಿರುವುದು.

ಎದುರಿನ ಪರದೆಯ ನಕ್ಷೆಯಲ್ಲಿ ವಿಮಾನ ನೇರ ಉತ್ತರಕ್ಕೆ ಹೋಗುವುದು ಕಂಡು ದಾರಿ ತಪ್ಪಿತೇ ಎಂದು ಕೇಳುವವರಿದ್ದಾರೆ. ಗೋಳದ ಮೇಲೆ ದಾರ ಎಳೆದು ನೋಡಿದರೆ ಗೊತ್ತಾಗುತ್ತದೆ, ಸುಮಾರು 13,000 ಕಿ.ಮೀ.ನ ಹತ್ತಿರದ ದಾರಿ ಆರ್ಕ್‌ಟಿಕ್ ಪ್ರದೇಶದ ಮೇಲೆಯೇ ಹಾಯುತ್ತದೆ. ಯಾವುದಾದರೂ ದೇಶದ ವಾಯುಪ್ರದೇಶ ಮುಚ್ಚಿದ್ದರೆ ಸುತ್ತು ಹೆಚ್ಚುತ್ತದೆ. ಇಷ್ಟು ಉದ್ದದ ಹಾರಾಟಕ್ಕೆ ನಾಲ್ವರು ಪೈಲಟ್‌ಗಳಿರುತ್ತಾರೆ, ಸರದಿಯಲ್ಲಿ ಮಲಗುತ್ತಾರೆ. ಹದಿನಾರು ಗಂಟೆ ಒಬ್ಬನೇ ಓಡಿಸುತ್ತಾನೆಂಬ ಚಿಂತೆ ಬೇಡ.

ಈಗ ಅಲ್ಲಾಡುವ ವಿಷಯ. ಗಾಳಿ ನೀರಿನಂತೆಯೇ ಹರಿಯುತ್ತದೆ. ಬೇರೆಬೇರೆ ವೇಗದ ಎರಡು ಪ್ರವಾಹ ಸೇರುವಲ್ಲಿ ಸುಳಿಯೇಳುತ್ತದೆ, ಮೋಡವಿಲ್ಲದ ನೀಲಿ ಆಕಾಶದಲ್ಲೂ ಏಳುತ್ತದೆ. ನೂರಾರು ಅಡಿ ಬಿದ್ದೆವು ಎನ್ನಿಸಿದಾಗಲೂ ವಿಮಾನ ಸಾಮಾನ್ಯವಾಗಿ ಕದಲಿರುವುದು ಕೆಲವೇ ಅಡಿ. ಕಿಟಕಿಯಲ್ಲಿ ರೆಕ್ಕೆಯ ತುದಿ ಮೇಲೆ ಕೆಳಗೆ ತೂಗುವುದು ಕಾಣುತ್ತದೆ. ಬಾಗಲೆಂದೇ ಮಾಡಿದ್ದು, ಬಾಗದಿದ್ದರೆ ಮುರಿಯುತ್ತಿತ್ತು. ಸೇವೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ತಾಳುತ್ತದೆಂದು ತೋರಿಸದೆ ಪ್ರಮಾಣಪತ್ರ ಸಿಗುವುದಿಲ್ಲ. ಕುಲುಕಾಟದಲ್ಲಿ ಪೆಟ್ಟು ಬೀಳುವುದು ಬಹುಪಾಲು ಬೆಲ್ಟ್ ಹಾಕದವರಿಗೆ. ಆದ್ದರಿಂದ ಬೆಲ್ಟ್ ಗುರುತಿನ ದೀಪ ಆರಿದ್ದರೂ ಕೂತಿರುವಷ್ಟು ಹೊತ್ತು ಬೆಲ್ಟ್ ಸಡಿಲವಾಗಿ ಸೊಂಟದಲ್ಲಿರಲಿ. ಅಲ್ಲಾಡತೊಡಗಿದರೆ ಸೀಟಿನ ತೋಳನ್ನು ಬಿಗಿಹಿಡಿಯಬೇಡಿ, ಮೈ ಸೆಟೆದಷ್ಟೂ ಪ್ರತಿ ಕುಲುಕು ದೊಡ್ಡದಾಗಿ ತಾಗುತ್ತದೆ. ಪಾದ ನೆಲಕ್ಕೂರಿ, ಭುಜ ಸಡಿಲ ಬಿಟ್ಟು ನಾಲ್ಕು-ಆರರ ಉಸಿರು. ಎ380ರ ಬಾಲದ ಕ್ಯಾಮೆರಾದ ಚಿತ್ರ ಪರದೆಯಲ್ಲಿ ಸಿಗುತ್ತದೆ. ಕೆಲವರಿಗೆ ಅದು ಧೈರ್ಯ, ಕೆಲವರಿಗೆ ತಲೆಸುತ್ತು.

ಶೌಚಾಲಯದ ಬಾಗಿಲು ಮಡಚುವಂಥದ್ದು, ನಡುವೆ ಒತ್ತಿದರೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹಿಡಿಕೆ ಹುಡುಕುತ್ತ ನಿಲ್ಲುವವರು ಬಹಳ. ಒಳಗೆ ಮಂದ ಬೆಳಕು. ಚಿಲಕ ಪೂರ್ತಿ ಸರಿಸಿದ ಮೇಲೇ ದೊಡ್ಡ ದೀಪ ಹತ್ತುತ್ತದೆ, ಹತ್ತದಿದ್ದರೆ ಬಾಗಿಲು ಹಾಕಿಲ್ಲವೆಂದೇ ಅರ್ಥ. ತೊಳೆಯುವ ನಲ್ಲಿ ಇಲ್ಲ, ಅರ್ಧ ಲೀಟರಿನ ಖಾಲಿ ಬಾಟಲಿ ಇಟ್ಟುಕೊಂಡು ಸಿಂಕಿನಿಂದ ತುಂಬಿಸಿಕೊಳ್ಳಿ. ಫ್ಲಶ್ ಒತ್ತುವ ಮುನ್ನ ಮುಚ್ಚಳ ಹಾಕಿ. ನೀರಿನ ಬದಲು ಗಾಳಿಯ ಸೆಳೆತದಿಂದ ಕೆಲಸ ಮಾಡುವುದರಿಂದ ಸಿಡಿದಂಥ ಸದ್ದು ಬರುತ್ತದೆ. ಇದಕ್ಕೆ ಅಂಜಿ ನೀರು ಕುಡಿಯದೆ ಕೂರುವುದೇ ದೊಡ್ಡ ತಪ್ಪು. ಕ್ಯಾಬಿನ್ ಗಾಳಿಯ ತೇವಾಂಶ ಶೇ 20ಕ್ಕಿಂತ ಕಡಿಮೆ, ಗಂಟೆಗೊಂದು ಲೋಟ ನೀರು ಬೇಕು.

ಎಚ್ಚರವಿದ್ದಾಗ ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಹಿಮ್ಮಡಿ-ಕಾಲ್ಬೆರಳು ಎತ್ತಿ ಇಳಿಸಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಹೆಚ್ಚುತ್ತದೆ. ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತ್ತು. ಹಿಂದೆ ಹಾಗಾಗಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಬಿಗಿ ಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಲಿ. ಉಚಿತವೆಂದು ಮದ್ಯ ಕುಡಿದು ನಿದ್ದೆಮಾತ್ರೆಯನ್ನೂ ನುಂಗಿ ಆರು ಗಂಟೆ ಅಲುಗಾಡದೆ ಬಿದ್ದುಕೊಳ್ಳುವುದು ಎರಡು ಬಗೆಯಲ್ಲೂ ಕೆಟ್ಟದ್ದು.

ಇಳಿಯುವಾಗ ಸ್ಯಾನ್ ಫ್ರಾನ್ಸಿಸ್ಕೊದ್ದೇ ಒಂದು ವಿಶೇಷವಿದೆ. ರನ್‌ವೇಗಳು ಕೊಲ್ಲಿಯ ಅಂಚಿನಲ್ಲಿವೆ. ಕಿಟಕಿಯಲ್ಲಿ ನೀರು, ಇನ್ನೂ ನೀರು, ಚಕ್ರ ತಾಗುವ ಕೆಲವು ಸೆಕೆಂಡಿನ ಮುಂಚೆಯಷ್ಟೇ ನೆಲ. ಜೋಡಿ ರನ್‌ವೇಗಳ ನಡುವೆ ಇರುವುದು ಸುಮಾರು 230 ಮೀಟರ್. ಹಾಗಾಗಿ ಪಕ್ಕದ ರನ್‌ವೇಯ ಇನ್ನೊಂದು ವಿಮಾನ ಬಲು ಹತ್ತಿರ ಕಂಡರೂ ಅಚ್ಚರಿಯಿಲ್ಲ. ಮಂಜಿದ್ದರೆ ಸುತ್ತು ಹಾಕಿಸುತ್ತಾರೆ. ಇಳಿಯಹೊರಟದ್ದು ಜೋರು ಸದ್ದಿನೊಡನೆ ಮತ್ತೆ ಮೇಲೇರಿದರೂ ಅದು ಅಭ್ಯಾಸವಾದ ಕ್ರಮ, ಅಪಘಾತ ತಪ್ಪಿದ್ದಲ್ಲ. ಚಕ್ರ ತಾಗಿದ ಮೇಲಿನ ಮೊರೆತ ವೇಗ ತಗ್ಗಿಸುವುದು.

ಅದೇ ತಾರೀಖಿನ ಮಧ್ಯಾಹ್ನ

ಹೊರಟ ತಾರೀಖಿಗೇ ಇಳಿದಿರುತ್ತೀರಿ. ಇಮಿಗ್ರೇಷನ್‌ನಲ್ಲಿ ಬೆರಳಚ್ಚು, ಫೋಟೊ, ಮೂರು ನಾಲ್ಕು ಪ್ರಶ್ನೆ: ಯಾಕೆ ಬಂದಿರಿ, ಯಾರ ಮನೆ, ಎಷ್ಟು ದಿನ, ವಾಪಸ್ ಟಿಕೆಟ್ ಇದೆಯೇ. ಕೇಳಿದ್ದಕ್ಕೆ ಮಾತ್ರ ಉತ್ತರ. ವಿಳಾಸದ ಕಾಗದ ಈಗ ಕೈಯಲ್ಲಿರಲಿ. ಅರ್ಥವಾಗದಿದ್ದರೆ ದುಭಾಷಿ ಬೇಕೆಂದು ಕೇಳಬಹುದು. ಮೊಮ್ಮಗುವನ್ನು ನೋಡಿಕೊಳ್ಳುವ "ಕೆಲಸಕ್ಕೆ" ಬಂದೆವು ಎನ್ನಬೇಡಿ. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ನೋಡಿಹೋಗಲು ಬಂದೆವು ಎಂಬುದೇ ನಿಜ. ಪೆಟ್ಟಿಗೆ ಇಳಿಸಿಕೊಂಡು ಕಸ್ಟಮ್ಸ್‌ನಲ್ಲಿ ತಿಂಡಿ-ಪುಡಿ ಇದೆಯೆಂದು ಹೇಳಿಬಿಡಿ. ಹೇಳಿದ ವಸ್ತು ಹೆಚ್ಚೆಂದರೆ ಕಸಕ್ಕೆ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿದರೆ ದಂಡ.

ಆ ಸಂಜೆ ಮಗಳ ಮನೆಯ ಸೋಫಾ ಎಷ್ಟೇ ಕರೆದರೂ ಮಲಗಬೇಡಿ, ರಾತ್ರಿ ಒಂಬತ್ತರ ತನಕ ತಳ್ಳಿ.

ಎರಡನೇ ದಿನದಿಂದ

ನಡುರಾತ್ರಿ ಎರಡಕ್ಕೆ ಎಚ್ಚರವಾಗಿ ಹೊಟ್ಟೆ ಹಸಿಯುತ್ತದೆ, ದೇಹಕ್ಕದು ಊರಿನ ಮಧ್ಯಾಹ್ನ ಎರಡೂವರೆ. ಮೊಸರನ್ನ ತಿಂದು ದೀಪ ಮಂದವಾಗಿಟ್ಟು ಮತ್ತೆ ಮಲಗಿ, ಫೋನ್ ಬೇಡ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ ಓಡಾಡಿ. ದೇಹದ ಗಡಿಯಾರ ದಿನಕ್ಕೆ ಒಂದರಿಂದ ಒಂದೂವರೆ ಗಂಟೆಯಷ್ಟೇ ಜರುಗುವುದರಿಂದ ಪೂರ್ತಿ ಹೊಂದಲು ಒಂದು ವಾರ ಮೀರುತ್ತದೆ. ಹಗಲು ತೂಕಡಿಕೆ ತಡೆಯದಿದ್ದರೆ ಮೂರು ಗಂಟೆಗೆ ಮುಂಚೆ, ಅರ್ಧ ಗಂಟೆ ಮೀರದಂತೆ.

ಈ ವಾರದಲ್ಲೇ ಮಗಳಿಂದ ಎರಡು ಕೆಲಸ ಮಾಡಿಸಿ. ಅಮೆರಿಕ ಪ್ರವೇಶದ ಐ-94 ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆಗೆದು ವಾಸದ ಕೊನೆಯ ತಾರೀಖು ನೋಡುವುದು, ವೀಸಾ ಹತ್ತು ವರ್ಷದ್ದಾದರೂ ಲೆಕ್ಕಕ್ಕೆ ಬರುವುದು ಆ ತಾರೀಖು. ಇನ್ನೊಂದು, ವಾಪಸ್ ಟಿಕೆಟ್ಟಿನಲ್ಲಿ ಊಟ, ಸೀಟು, ವೀಲ್‌ಚೇರ್ ನಮೂದಾಗಿದೆಯೇ ಎಂದು ನೋಡುವುದು. ಹೋಗುವಾಗ ಹೇಳಿದ್ದು ಬರುವಾಗಿನದಕ್ಕೆ ತಾನಾಗಿ ಸೇರಿರುತ್ತದೆಂದು ಎಣಿಸಬೇಡಿ.